ಒಂದು ಪಾವು ಶಂಖನಾದ

ನನ್ನ ನಾದಿನಿ ಚಿಕ್ಕತಾಯಿ ಯಂತ್ರದ ಮೇಲೆ ಹೊದಿಸಿದ್ದ ಹಳೆಯ ಪಂಚೆಯನ್ನು ಸರಕ್ಕನೆ ಎಳೆದು, ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತಳು.

"ನೋಡತ್ಗೆ! ಇಂಥದ್ದು ಮಂಡ್ಯದಲ್ಲಿಲ್ಲ, ಮೈಸೂರಲ್ಲಿಲ್ಲ, ಪರ್ಪಂಚದಲ್ಲೇ ಇಲ್ಲ!"

ಇಲ್ಲದಿರುವುದು ಪ್ರಪಂಚದ ಪುಣ್ಯವೆಂದು ನನಗೆ ತೋರಿತು. ನಡುಮನೆಯಲ್ಲಿ ನಿಂತಿದ್ದ ಆ ಆಕಾರಕ್ಕೆ ನೀರೊಲೆಯ ಹಂಡೆಯೇ ಹೊಟ್ಟೆ. ಟೂರಿಂಗ್ ಟಾಕೀಸಿನ ಕಾಲದ ಸ್ಪೀಕರಿನ ಕಹಳೆಯೇ ಕಿವಿ. ಯಾವುದೋ ಅಂಗಡಿಯವರು ಎಸೆದ ಕ್ಯಾಮರಾ ಅದರ ಒಂಟಿ ಕಣ್ಣು. ಎಡಗೈಯಲ್ಲಿ ತೆಂಗಿನ ಕಡ್ಡಿಯ ಪೊರಕೆ. ಬಲಗೈ ಇರಬೇಕಾದ ಕಡೆ ಒಂದು ಕೊಳವೆ. ಹೊಟ್ಟೆಯ ಮುಂದೆ ಆಲಿಕೆ, ಆಲಿಕೆಯ ಕೆಳಗೆ ಕಾಳು ಅಳೆಯಲು ನಮ್ಮ ಅತ್ತೆಯ ಕಾಲದ ಹಿತ್ತಾಳೆ ಪಾವು. ಇಷ್ಟನ್ನೂ ಮೂರು ಗಾಲಿಯ ಮರದ ಗಾಡಿಯ ಮೇಲೆ ಕೂರಿಸಿದ್ದಳು. ಆ ಗಾಡಿಯನ್ನು ಮಾತ್ರ ನಾನು ಬಗ್ಗಿ ಮುಟ್ಟಿ ನೋಡಿದೆ. ನಮ್ಮ ಯಜಮಾನರೂ ಅವರ ತಂಗಿಯಾದ ಈ ಚಿಕ್ಕತಾಯಿಯೂ ಮಕ್ಕಳಾಗಿದ್ದಾಗ ಅದನ್ನು ತಳ್ಳಿಕೊಂಡೇ ನಡೆಯಲು ಕಲಿತವರು.

"ಇದ್ರ ಹೆಸ್ರು ಗುರಿಗುಂಡಯ್ಯ," ಎಂದಳು ಚಿಕ್ಕತಾಯಿ. "ಯಾರು ಏನ್ ಕಲೀಬೇಕೋ ಅದ್ಕೆ ಗುರಿ ಇಡ್ತದೆ. ಎಷ್ಟ್ ಕಲ್ತ್ರು ಅಂತ ಅಳೀತದೆ. ಗುರಿ ಮುಟ್ದೋರ್ಗೆ ಕಲ್ಲುಸಕ್ರೆ. ಮುಟ್ನಿಲ್ಲ ಅಂದ್ರೆ..."

ಪೊರಕೆ ಗಾಳಿಯಲ್ಲಿ ಸುಯ್ಯೆಂದಿತು.

"ಪೊರಕೇಲಿ ಹೊಡಿಸ್ಕಂಡು ದೇವರ ಶಂಖ ಕಲೀಲಾ ನಾನು? ನಿನ್ ತಲೆ ನೆಟ್ಟಗದಾ?" ಎಂದೆ.

"ತಾಗಕಿಲ್ಲ ಅತ್ಗೆ. ಸುಮ್ಕೆ ಹೆದ್ರಸಕ್ಕೆ!"

"ತಾಗ್ಲಿ, ಬುಡ್ಲಿ. ಪೊರಕೆ ಅಂದ್ರೆ ಪೊರಕೆ ಕನಮ್ಮಿ. ನಾನು ಈ ಊರ ಮಕ್ಕಳ್ಗೆಲ್ಲ ಕಾಗುಣಿತ ಕಲ್ಸಿವ್ನಿ. ಒಂದಿನ ಬೆತ್ತ ಮುಟ್ಟಿದೋಳಲ್ಲ!"

"ಅದ್ಕೇಯ ನಮ್ಮೂರಲ್ಲಿ ಯಾರ್ಗೂ ಒತ್ತಕ್ಷರ ಬರಕಿಲ್ಲ!"

ಬಹಳ ಹೊತ್ತು ವಾದವಾಯಿತು. ಕೊನೆಗೆ ಪೊರಕೆ ಇಳಿದು, ದೇವರ ಮನೆಯ ನವಿಲುಗರಿಯ ಕಟ್ಟು ಅದರ ಜಾಗಕ್ಕೆ ಏರಿತು. ಹೊಡೆತದ ಬದಲು ಕಚಗುಳಿ.

ಚಿಕ್ಕತಾಯಿ ಐಟಿಐಯಲ್ಲಿ ಮೋಟಾರು ಸುತ್ತುವುದನ್ನು ಕಲಿಸಿ ನಿವೃತ್ತಳಾದವಳು. ಅವಳು ಹಿಂದೆ ಮಾಡಿದ ಮುದ್ದೆ ತೊಳಸುವ ಯಂತ್ರದಿಂದ ಹಾರಿದ ಮುದ್ದೆಯೊಂದು ಈಗಲೂ ನಮ್ಮ ತೊಲೆಗೆ ಅಂಟಿಕೊಂಡಿದೆ. ಗಾರೆ ಕೆಲಸದವನು ಬಂದು ನೋಡಿ, ಅದನ್ನು ತೆಗೆದರೆ ತೊಲೆಗೆ ಅಪಾಯವೆಂದು ಹೇಳಿ ಹೋದ. ಆದರೂ ಹೇಳುತ್ತೇನೆ, ನಮ್ಮ ವಂಶದಲ್ಲಿ ಮೋಟಾರಿನ ಹೊಟ್ಟೆ ಬಿಚ್ಚಿ ನೋಡಿದ ಮೊದಲ ಹೆಣ್ಣುಮಗಳು ಅವಳು. ಅವಳ ಅಣ್ಣನಿಗೆ ಅದೊಂದು ದೊಡ್ಡ ಹೆಮ್ಮೆಯಾಗಿತ್ತು. ಈಗ ಆ ಹೆಮ್ಮೆಯನ್ನು ಪಡುವ ಕೆಲಸವೂ ನನ್ನ ಪಾಲಿಗೇ ಬಂದಿದೆ.

ಶಂಖದ ಸಂಗತಿಯನ್ನು ಇಲ್ಲಿ ಹೇಳಬೇಕು. ಮಳವಳ್ಳಿಯ ಪಕ್ಕದ ನಮ್ಮ ರಂಗನಕೊಪ್ಪಲಿನಲ್ಲಿ ನಮ್ಮದು ದಾಸಯ್ಯನ ಮನೆ. ಶ್ರಾವಣ ಶನಿವಾರಗಳಲ್ಲಿ ರಂಗಸ್ವಾಮಿಯ ಹೆಸರಿನಲ್ಲಿ ಶಂಖ ಊದಿ ಜಾಗಟೆ ಬಡಿಯುವುದೂ, ಊರಿನಲ್ಲಿ ಯಾರಾದರೂ ತೀರಿಕೊಂಡರೆ ಶಂಖ ಊದಿ ಅವರನ್ನು ಕಳುಹಿಸಿಕೊಡುವುದೂ ಈ ಮನೆಯ ಸೇವೆ. ನಮ್ಮ ಯಜಮಾನರಾದ ದಾಸೇಗೌಡರು ಆ ಸೇವೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ಊರಿನವರನ್ನೆಲ್ಲ ಶಂಖ ಊದಿ ಕಳುಹಿಸಿದವರು, ತಾವು ಹೋಗುವಾಗ ಊದುವವರಿಲ್ಲದೆ ಹೋದರು. ಅಂದಿನಿಂದ ಶಂಖ ದೇವರ ಮುಂದೆ ಮೂಕವಾಗಿ ಕುಳಿತಿತ್ತು. ನಮಗೆ ಮಕ್ಕಳಿಲ್ಲ.

ವರ್ಷದ ಕಾರ್ಯ ಮುಗಿದ ದಿನ ಯಜಮಾನರ ದಾಯಾದಿ ತಿರುಮಲೇಗೌಡರು ಎಲೆ ಅಡಿಕೆ ಹಾಕಿಕೊಂಡು ಮಾತು ತೆಗೆದರು.

"ಊದೋರಿಲ್ದ ಮನೇಲಿ ಶಂಖ ಇಕ್ಕಬಾರ್ದು ಅತ್ಗೆಮ್ಮ. ನಮ್ಮನೇಗೆ ಕಳ್ಸಿಕೊಡಿ. ನಮ್ಮಲ್ಲಿ ಗಂಡು ದಿಕ್ಕದೆ."

ನಾನು ಉತ್ತರ ಕೊಡುವ ಮೊದಲೇ ಚಿಕ್ಕತಾಯಿ ಎದ್ದು ನಿಂತಳು. "ನಮ್ಮತ್ಗೆ ಊದ್ತಾಳೆ!"

"ಎಂಗಸ್ರು ಶಂಖ ಊದದಾ?"

"ಯಾಕೆ, ಉಸ್ರು ಗಂಡಸ್ರಿಗೆ ಮಾತ್ರ ಕೊಟ್ಟವ್ನಾ ರಂಗಪ್ಪ?"

ಹಿರಿಯರು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಶ್ರಾವಣದ ಕಡೆಯ ಶನಿವಾರದ ಹರಿಸೇವೆಯವರೆಗೆ ಗಡುವು ಕೊಟ್ಟರು. ಹರಿಸೇವೆಯೆಂದರೆ ರಂಗಸ್ವಾಮಿಯ ಹೆಸರಿನಲ್ಲಿ ಊರಿಗೆಲ್ಲ ಅನ್ನ ಹಾಕುವ ಪೂಜೆ. ಅಂದು ಅಂಗಳದಲ್ಲಿ ಗರುಡಗಂಬದ ದೀಪವನ್ನು ನೆಟ್ಟು ಹಿರಿಯನೊಬ್ಬ ಅದರ ಸುತ್ತ ಒಂದು ಸುತ್ತು ಬರುತ್ತಾನೆ. ಅವನು ಹೊರಟಾಗ ಏರಿದ ಶಂಖದ ದನಿ ಅವನು ಮರಳಿ ಬಂದು ನಿಲ್ಲುವವರೆಗೂ ಕಡಿಯಬಾರದು. ಕಡಿದರೆ ಶಂಖ ತಿರುಮಲೇಗೌಡರ ಮನೆಗೆ.

ಶಂಖವನ್ನು ಜೀವಮಾನದಲ್ಲಿ ಒಮ್ಮೆಯೂ ತುಟಿಗೆ ಮುಟ್ಟಿಸದ ನನ್ನನ್ನು ಕೇಳದೆ ನನ್ನ ನಾದಿನಿ ಈ ಪಂಥ ಕಟ್ಟಿದ್ದಳು. ಗುರಿಗುಂಡಯ್ಯ ಹುಟ್ಟಿದ್ದು ಹಾಗೆ.

*

"ಈಗ ಅದ್ರ ಕಿವೀಲಿ ನಿನ್ ಗುರಿ ಹೇಳತ್ಗೆ," ಎಂದಳು.

ನಾನು ಕಹಳೆಯ ಹತ್ತಿರ ಬಾಗಿ, "ಶಂಖ ಊದೋದು ಕಲೀಬೇಕು," ಎಂದೆ.

ಗುಂಡಯ್ಯ ಸುಮ್ಮನಿದ್ದ.

"ಚೆನ್ನಾಗಿ ಕಲೀಬೇಕು," ಎಂದೆ. ಅದಕ್ಕೂ ಸುಮ್ಮನಿದ್ದ.

"ಅಯ್ಯೋ, ಹಂಗಂದ್ರೆ ಅದ್ಕೆ ಅರ್ಥ ಆಗಕಿಲ್ಲ ಅತ್ಗೆ! 'ಚೆನ್ನಾಗಿ' ಅನ್ನದನ್ನ ಯಾವ ಪಾವಲ್ಲಿ ಅಳೆಯಾದು? ಅಳ್ಯಕ್ ಬಂದ್ರೆ ಗುರಿ. ಬರ್ನಿಲ್ಲ ಅಂದ್ರೆ ಅದು ಬರೀ ಆಸೆ."

"ಹಂಗಾರೆ ಎಷ್ಟು ಅನ್ಲಿ?"

ಅವಳು ತನ್ನ ಫೋನನ್ನು ತೆಗೆದು ಕಹಳೆಯ ಬಾಯಿಗೆ ಹಿಡಿದಳು. ಯಜಮಾನರು ಬದುಕಿದ್ದಾಗಿನ ಕಡೆಯ ಶ್ರಾವಣದಲ್ಲಿ ಅವರು ಊದಿದ ಶಂಖವನ್ನು ಅದರಲ್ಲಿ ತುಂಬಿಸಿಟ್ಟುಕೊಂಡಿದ್ದಳು. ನನಗೆ ಅದು ಗೊತ್ತಿರಲಿಲ್ಲ. ದನಿ ಎದ್ದಿತು. ದನಿ ಇರುವಷ್ಟು ಹೊತ್ತು ಆಲಿಕೆಯಿಂದ ಅವರೆಕಾಳು ಒಂದೊಂದಾಗಿ ಪಾವಿನೊಳಗೆ ಉದುರಿತು. ದನಿ ನಿಂತಾಗ ಕಾಳೂ ನಿಂತಿತು. ಪಾವು ತಲೆಗೋಪುರ ಕಟ್ಟಿ ತುಂಬಿತ್ತು.

ಚಿಕ್ಕತಾಯಿ ಕಾಳನ್ನು ಮತ್ತೆ ಆಲಿಕೆಗೆ ಸುರಿದು ಖಾಲಿ ಪಾವನ್ನು ಅದರ ಕೆಳಗಿಟ್ಟಳು.

"ಒಂದು ಪಾವು," ಎಂದೆ ಕಹಳೆಯಲ್ಲಿ.

ಗುಂಡಯ್ಯನ ಕಣ್ಣು ಕೆಂಪಗೆ ಹೊತ್ತಿತು. ನಾನು ರಂಗಸ್ವಾಮಿಯನ್ನು ನೆನೆದು ಶಂಖವನ್ನೆತ್ತಿ ಊದಿದೆ. ಸೈಕಲ್ ಟ್ಯೂಬಿನಿಂದ ಗಾಳಿ ಹೋದಂತೆ 'ಪುಸ್' ಎಂದಿತು. ಒಂದು ಕಾಳೂ ಉದುರಲಿಲ್ಲ.

"ಗುರಿ ಮುಟ್ಟಿಲ್ಲ!" ಎಂದು ಯಂತ್ರ ಗದರಿತು. ದನಿ ಚಿಕ್ಕತಾಯಿಯದೇ, ಐಟಿಐಯ ಹುಡುಗರನ್ನು ಗದರುತ್ತಿದ್ದ ದನಿ. ಮರುಗಳಿಗೆಯೇ ನವಿಲುಗರಿ ನನ್ನ ಕಂಕುಳ ಕೆಳಗೆ ನುಗ್ಗಿತು. ಗಂಡನ ವರ್ಷದ ಕಾರ್ಯ ಮುಗಿದು ತಿಂಗಳಾಗಿರಲಿಲ್ಲ. ನಾನು ಚಿಕ್ಕ ಹುಡುಗಿಯಂತೆ ಕಿರುಚಿ ನಕ್ಕು ಗೋಡೆಗೆ ಒರಗಿದೆ. ಚಿಕ್ಕತಾಯಿ ತಿರುಗಿಕೊಂಡು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅದು ನಗುವಿನದೋ ಅಳುವಿನದೋ ನನಗೆ ತಿಳಿಯಲಿಲ್ಲ.

*

ಕಲಿಕೆ ಸಾಗಿತು. ಒಂದು ಪಾವು ಎಂಬ ದೊಡ್ಡ ಗುರಿಯನ್ನು ಗುಂಡಯ್ಯ ತಾನೇ ಪುಡಿ ಮಾಡಿ, ಮೊದಲು ಒಂದು ಕಾಳು, ಆಮೇಲೆ ಒಂದು ಹಿಡಿ, ಆಮೇಲೆ ಕಾಲು ಪಾವಿನ ಚಟಾಕು ಎಂದು ಮೆಟ್ಟಿಲು ಕಟ್ಟಿದ. ಮೊದಲ ಕಾಳು ಪಾವಿನ ತಳಕ್ಕೆ ಬಿದ್ದು 'ಟಣ್' ಎಂದ ದಿನ ನಾನು ಊರಿಗೆಲ್ಲ ಸಿಹಿ ಹಂಚುವುದೊಂದು ಬಾಕಿ!

"ಗುರಿ ಮುಟ್ಟಿತು! ಮುಂದಿನ ಗುರಿ!" ಎಂದು ಕೊಳವೆಯಿಂದ ಕಲ್ಲುಸಕ್ಕರೆ ಸಿಡಿಯಿತು. ಅದು ಬಂದ ವೇಗಕ್ಕೆ ನನ್ನ ಕಟ್ಟಿಸಿದ ಹಲ್ಲಿನ ಸೆಟ್ಟು ಗಂಟಲವರೆಗೆ ಸರಿದು ಹಿಂದಿರುಗಿತು.

"ಒಸಿ ಮೆತ್ತಗೆ ಎಸೆಯಂಗೆ ಮಾಡಮ್ಮಿ! ಬಹುಮಾನಕ್ಕೆ ಹಲ್ಲು ಕೊಡಕ್ಕಾಗಕಿಲ್ಲ!"

"ಸಾಧನೆ ಅಂದ್ರೆ ತ್ಯಾಗ ಅತ್ಗೆ."

ತೊಂದರೆ ಶುರುವಾದದ್ದು ಕುಕ್ಕರಿನಿಂದ. ಅದು ಒಲೆಯ ಮೇಲೆ ಒಮ್ಮೆ ಕೂಗಿತು. ಮತ್ತೊಮ್ಮೆ ಕೂಗಿತು. ಗುಂಡಯ್ಯ ಗಾಲಿಗಳ ಮೇಲೆ ಕಿರ್ರೆಂದು ತಿರುಗಿ ಅಡಿಗೆ ಮನೆಗೆ ಹೊರಟ!

"ಇದೇನಮ್ಮಿ ಎಲ್ಲಿಗೆ ಹೊಂಟ?"

ಚಿಕ್ಕತಾಯಿ ತಲೆ ಕೆರೆದುಕೊಂಡಳು. ಹಳೆಯ ಫೋನುಗಳಿಂದ ತೆಗೆದು ಅವಳು ಕಟ್ಟಿದ ಆ ಮಿದುಳಿಗೆ ಒಂದೇ ನಿಯಮ. ಯಾರೇ ಆಗಲಿ ಒಂದು ಕೆಲಸವನ್ನು ಎರಡು ಸಲ ಮಾಡಿದರೆ, ಅವರು ಅದನ್ನು ಕಲಿಯುತ್ತಿದ್ದಾರೆ ಎಂದೇ ಅದರ ತೀರ್ಮಾನ.

"ಗುರಿ ಮುಟ್ಟಿಲ್ಲ!" ಎಂದು ಅದು ಕುಕ್ಕರಿಗೆ ಗದರಿತು. ಕುಕ್ಕರು ಹೆದರಲಿಲ್ಲ. ನವಿಲುಗರಿ ಅದರ ಪಕ್ಕೆಗೆ ಕಚಗುಳಿ ಇಡಲು ಹೋಗಿ ತುದಿ ಸುಟ್ಟುಕೊಂಡಿತು. ಒಲೆ ಆರಿಸಲು ಹೋದ ನನ್ನನ್ನು ಗುಂಡಯ್ಯ ಅಡ್ಡಗಟ್ಟಿದ. ಶಿಷ್ಯನ ಅಭ್ಯಾಸ ನಡೆಯುತ್ತಿರುವಾಗ ನಡುವೆ ಬಾಯಿ ಹಾಕುವಂತಿಲ್ಲ! ಕುಕ್ಕರು ಚಟಾಕು ತುಂಬುವಷ್ಟು ಕೂಗಿ ಕಲ್ಲುಸಕ್ಕರೆ ಗೆದ್ದುಕೊಂಡಿತು. ಒಳಗಿದ್ದ ಬೇಳೆ ಅಷ್ಟರಲ್ಲಿ ಗೋಡೆಗೆ ಬಳಿಯುವ ಹದಕ್ಕೆ ಬಂದಿತ್ತು.

ಅದೇ ಹೊತ್ತಿಗೆ ಹೂವಿನ ಕಾಳಮ್ಮ ಬಂದಳು. ದಿನವೂ ದೇವರಿಗೆ ಹೂ ಕೊಟ್ಟು, ಹೂವಿನ ತೂಕಕ್ಕಿಂತ ಹೆಚ್ಚು ಸುದ್ದಿ ಕೊಟ್ಟು ಹೋಗುವವಳು.

"ಏನವ್ವ ಮೇಡಮ್ಮ, ತಿರ್ಮಲೇಗೌಡ್ರಿಗೆ ಜರ ಅಂತೆ, ಎದ್ದೇ ಇಲ್ವಂತೆ, ಅವರ ಎಂಡ್ರು ತವ್ರಿಗೋಗವ್ರಂತೆ, ಗಂಜಿ ಕಾಯ್ಸೋರೂ ಗತಿ ಇಲ್ವಂತೆ..."

ಅವಳು ಉಸಿರು ತೆಗೆದುಕೊಂಡು ಮತ್ತೆ ಶುರು ಮಾಡಿದಳು. ಎರಡು ಸಲವಾಯಿತು! ಗುಂಡಯ್ಯ ಅವಳ ಮುಂದೆ ಬಂದು ನಿಂತ. ಕಾಳು ಉದುರತೊಡಗಿತು. ಪಾವು ತುಂಬಿತು, ಉಕ್ಕಿತು. ಚಿಕ್ಕತಾಯಿ ಸೇರು ತಂದಿಟ್ಟಳು, ಅದೂ ತುಂಬಿತು. "ಗುರಿ ಮುಟ್ಟಿತು! ಗುರಿ ಮುಟ್ಟಿತು!" ಎಂದು ಯಂತ್ರ ಕೂಗಿ ಕೂಗಿ ದನಿ ಒಡೆದುಕೊಂಡಿತು. ಕಾಳಮ್ಮ ಮಾತು ನಿಲ್ಲಿಸದೆಯೇ ಕಲ್ಲುಸಕ್ಕರೆಯನ್ನು ಬಾಯಲ್ಲಿ ಹಿಡಿದು ಹಿಡಿದು ನುಂಗಿದಳು.

"ಈವಯ್ಯ ಯಾರವ್ವ?" ಎಂದು ಕೊನೆಗೆ ಕೇಳಿದಳು. "ನನ್ ಮಾತ್ಗೆ ಬೆಲೆ ಕೊಟ್ಟೋನು ಈ ಊರಲ್ಲಿ ಇವ್ನೊಬ್ನೇಯ!"

*

ಆಷಾಢ ಮುಗಿಯುವ ಹೊತ್ತಿಗೆ ಒಂದು ನಡುಹಗಲಲ್ಲಿ ಶಂಖ ನನಗೆ ಒಲಿಯಿತು. ಅದುವರೆಗೆ ಕತ್ತೆಯ ಕೆಮ್ಮಿನಂತೆ ಬರುತ್ತಿದ್ದ ದನಿ ಅಂದು ಇದ್ದಕ್ಕಿದ್ದಂತೆ ದುಂಡಗಾಗಿ ಸೂರು ದಾಟಿ ಹೊರಟಿತು. ಅರ್ಧ ಪಾವು ತುಂಬಿತು! ಚಿಕ್ಕತಾಯಿಗೆ ಸಂತೋಷ ತಡೆಯಲಾಗದೆ ಜಾಗಟೆಯನ್ನು ಎತ್ತಿಕೊಂಡು ಧಣಧಣ ಬಡಿದಳು.

ನಾವು ಮರೆತದ್ದು ಒಂದೇ. ಶ್ರಾವಣವಲ್ಲದ ದಿನ ದಾಸಯ್ಯನ ಮನೆಯಲ್ಲಿ ಶಂಖ ಜಾಗಟೆ ಕೇಳಿದರೆ ನಮ್ಮ ಊರಿನಲ್ಲಿ ಅದಕ್ಕೆ ಒಂದೇ ಅರ್ಥ. ಜ್ವರ ಹಿಡಿದು ಮಲಗಿದ್ದವರೂ ಊರಿನಲ್ಲಿ ಆಗ ಒಬ್ಬರೇ.

ಕಾಳಮ್ಮ ತಲೆ ಕೆದರಿಕೊಂಡು ಓಡಿ ಬಂದಳು. ಕೈಯಲ್ಲಿ ಸೇವಂತಿಗೆಯ ದೊಡ್ಡ ಹಾರ.

"ಅಯ್ಯೋ, ಓಗ್ಬುಟ್ರಲ್ಲವ್ವಾ ತಿರ್ಮಲೇಗೌಡ್ರು! ಮುಂಗೋಪ ಇದ್ರೂ ಒಳ್ಳೇರು ಕನವ್ವಾ!"

"ಯಾರು? ಯಾವಾಗ?" ಎಂದು ನಾನು ಎದೆ ಹಿಡಿದುಕೊಂಡೆ.

"ನೀವೇ ಊದಿ, ನೀವೇ ಕೇಳ್ತೀರಲ್ಲವ್ವಾ!" ಎಂದು ಅವಳು ಬಾಯಿ ಬಡಿದುಕೊಂಡು ಮತ್ತೊಂದು ಸಲ ಗೋಳಿಟ್ಟಳು.

"ಗುರಿ ಮುಟ್ಟಿಲ್ಲ!" ಎಂದ ಗುಂಡಯ್ಯ.

ಕಚಗುಳಿಗೆ ಸಿಕ್ಕಿದ ಕಾಳಮ್ಮ ಅಳುತ್ತ ನಗುತ್ತ, ನಗುತ್ತ ಅಳುತ್ತ ಹಿತ್ತಿಲ ಬಾಗಿಲಿನ ಕಡೆ ತಿರುಗಿದವಳು ಕಿಟಾರನೆ ಕಿರುಚಿದಳು. ಕಂಬಳಿ ಹೊದ್ದ ತಿರುಮಲೇಗೌಡರು ಬಾಗಿಲಲ್ಲಿ ನಿಂತಿದ್ದರು.

"ಯಾರು ಓದೋರು?" ಎಂದು ನರಳುವ ದನಿಯಲ್ಲಿ ಕೇಳಿದರು. "ಶಂಖ ಕೇಳ್ತು. ಜರ ಇದ್ರೂ ಬರದೇ ಇರಕ್ಕಾಯ್ತದಾ ಅಂತ ಎದ್ದು ಬಂದೆ."

ಕಾಳಮ್ಮ ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ನಾವು ಮೂವರೂ ಅವರನ್ನೇ ನೋಡುತ್ತಿದ್ದುದರಿಂದ ಅವರಿಗೆ ಮೆಲ್ಲಗೆ ಅನುಮಾನ ಹತ್ತಿತು. ಅಷ್ಟರಲ್ಲಿ ಹೊರಗಿನಿಂದ ಯಾರೋ ಕೂಗಿ ಹೇಳಿದರು: ತಿರುಮಲೇಗೌಡರ ಬಾಗಿಲಲ್ಲಿ ಚಟ್ಟಕ್ಕೆ ಬಿದಿರು ಇಳಿದಿದೆ, ಸೌದೆ ಗಾಡಿ ಹಿಂದೆಯೇ ಬರುತ್ತಿದೆ, ಆದರೆ ಹೆಣವೇ ಕಾಣುತ್ತಿಲ್ಲ!

ಅವರ ಜ್ವರ ಅಲ್ಲಿಯೇ ಬಿಟ್ಟಿತು. "ನಂಗೆ! ಬದ್ಕಿರೋವಾಗ್ಲೇ! ಸೌದೆ!" ಎಂದು ಕಂಬಳಿಯನ್ನು ನೆಲಕ್ಕೆ ಎಸೆದರು. "ಇವತ್ತಿಂದ ಈ ಡಬ್ಬ ಒರಗಡೆ ಕಾಣಂಗಿಲ್ಲ! ಅರಿಸೇವೆ ದಿನ ಶಂಖ ಊದುವಾಗ ಯಂತ್ರ ಗಿಂತ್ರ ಏನೂ ಇರಂಗಿಲ್ಲ! ಗರುಡಗಂಬದ ಸುತ್ತು ನಾನೇ ಬತ್ತೀನಿ. ನಾನೇ! ಯಾರ್ ಉಸ್ರು ಎಷ್ಟುದ್ದ ಅಂತ ನೋಡೇ ಬುಡ್ತೀನಿ!"

ಅವರು ಹೋದ ಮೇಲೆ ಚಿಕ್ಕತಾಯಿ ಬ್ಯಾಟರಿಯ ಗುಂಡಿ ಒತ್ತಿ ಗುಂಡಯ್ಯನನ್ನು ಮಲಗಿಸಿ ಉಗ್ರಾಣಕ್ಕೆ ತಳ್ಳಿ ಬಾಗಿಲು ಹಾಕಿದಳು. ಮುದ್ದೆ ಯಂತ್ರ ಸಿಡಿದಾಗಲೂ ಬಾಡದಿದ್ದ ಅವಳ ಮುಖ ಅಂದು ಬಾಡಿತು.

"ನಂದೇ ತಪ್ಪತ್ಗೆ. ಅಣ್ಣನ ಶಂಖ ಈ ಮನೇಲೇ ಉಳೀಲಿ ಅಂತ ಹೋಗಿ, ನಾನೇ ಕಳಕಂಡೆ."

"ಇನ್ನೂ ಕಳ್ದಿಲ್ಲ," ಎಂದೆ. "ಪಾವಿನ್ನೂ ಅರ್ಧ ಬಾಕಿ ಅದೆ."

ಊರಿಗೆ ಮತ್ತೆ ಗಾಬರಿಯಾಗದಿರಲೆಂದು ಅಂದಿನಿಂದ ನಾನು ಖಾಲಿಯಾಗಿದ್ದ ರಾಗಿ ವಾಡೆಯೊಳಗೆ ತಲೆಯನ್ನೂ ಶಂಖವನ್ನೂ ತೂರಿಸಿ ಅಭ್ಯಾಸ ಮಾಡಿದೆ. ಆ ಮಣ್ಣಿನ ವಾಡೆ ಆಳೆತ್ತರದ್ದು. ನಾನು ಮಣೆಯ ಮೇಲೆ ನಿಂತು ಬಗ್ಗಿದರೆ ಹೊರಗೆ ಕಾಣುತ್ತಿದ್ದುದು ನನ್ನ ಸೆರಗು ಮಾತ್ರ. ಚಿಕ್ಕತಾಯಿ ಪಕ್ಕದಲ್ಲಿ ಕುಳಿತು ಯಂತ್ರದ ಬದಲು ತಾನೇ ಪಾವಿಗೆ ಕಾಳು ಉದುರಿಸುತ್ತಿದ್ದಳು. ನನ್ನ ಮೇಲಿನ ಕನಿಕರಕ್ಕೆ ಕೆಲವು ಸಲ ಎರಡು ಕಾಳು ಹಾಕುವಳು. ನಾನು ವಾಡೆಯೊಳಗಿಂದಲೇ ಗದರುವೆ. ಯಜಮಾನರು ಒಮ್ಮೆ ಹೇಳಿದ್ದ ಮಾತು ನನಗೆ ಅಲ್ಲಿ, ಆ ಕತ್ತಲೆಯಲ್ಲಿ ಅರ್ಥವಾಯಿತು. ಶಂಖವನ್ನು ಜೋರಿನಿಂದ ಊದಬಾರದು, ನಮ್ಮ ಉಸಿರನ್ನು ಅದಕ್ಕೆ ಒಪ್ಪಿಸಿ ಸುಮ್ಮನಿರಬೇಕು ಎನ್ನುತ್ತಿದ್ದರು.

*

ಹರಿಸೇವೆಯ ದಿನ ಬಂದಿತು. ಅಂಗಳದ ನಡುವೆ ಗರುಡಗಂಬದ ದೀಪ ಉರಿಯುತ್ತಿತ್ತು. ರಂಗಸ್ವಾಮಿಯ ವಿಗ್ರಹವನ್ನು ಹೂವಿನಲ್ಲಿ ಮುಚ್ಚಿ ಮಂಟಪದಲ್ಲಿ ಕೂರಿಸಿದ್ದರು. ಊರೆಲ್ಲ ಸೇರಿತ್ತು. ತಿರುಮಲೇಗೌಡರು ಜರಿ ಪೇಟ ಸುತ್ತಿ, ನಗುವುದೆಂದರೇನೆಂದೇ ತಿಳಿಯದವರಂತೆ ನಿಂತಿದ್ದರು. ಅವರು ತಮ್ಮ ಮದುವೆಯಲ್ಲೂ ನಗಲಿಲ್ಲವೆಂದು ಪ್ರತೀತಿ.

"ಗೋವಿಂದಾ!" ಎಂದರು ಹಿರಿಯರು. "ಗೋವಿಂದಾ... ಗೋವಿಂದ!" ಎಂದಿತು ಊರು. ಗೌಡರು ಮೊದಲ ಹೆಜ್ಜೆ ಇಟ್ಟರು. ನಾನು ಶಂಖವನ್ನೆತ್ತಿ ಉಸಿರು ಒಪ್ಪಿಸಿದೆ.

ದನಿ ಎದ್ದಿತು. ಒಳ್ಳೆಯ ದನಿ! ಗೌಡರ ಹುಬ್ಬೂ ಎದ್ದಿತು. ಅವರು ಎರಡನೆಯ ಹೆಜ್ಜೆಗೆ ನಿಂತು ಪೇಟ ಸರಿಮಾಡಿಕೊಂಡರು. ಮೂರನೆಯ ಹೆಜ್ಜೆಗೆ ನಿಂತು ಕನ್ನಡಕ ತೆಗೆದು ಒರೆಸಿದರು. ಬಸವನ ಹುಳುವೂ ಅವರನ್ನು ಹಿಂದೆ ಹಾಕಿ ಹೋಗುತ್ತಿತ್ತು.

"ನಡೀರಿ ಗೌಡ್ರೇ! ಸುತ್ತು ಬರಾಕ್ಕೆ ಹೇಳವ್ರೆ, ಮಲಗಾಕ್ಕಲ್ಲ!" ಎಂದು ಚಿಕ್ಕತಾಯಿ ಕೂಗಿದಳು.

"ದೇವ್ರ ಕೆಲ್ಸದಲ್ಲಿ ಅವಸರ ಕೂಡ್ದು ಕನಮ್ಮ," ಎಂದು ಗೌಡರು ಬಗ್ಗಿ ಕಾಲಿನ ಬೆರಳನ್ನು ಪರೀಕ್ಷಿಸಿದರು.

ಅದೇ ಹೊತ್ತಿಗೆ ಉಗ್ರಾಣದ ಒಳಗೆ ಹೂವಿನ ಕಾಳಮ್ಮ ಇದ್ದಳು. ಇಷ್ಟು ದಿನ ಕಲ್ಲುಸಕ್ಕರೆ ಕಾಣದೆ ಅವಳ ನಾಲಿಗೆ ಬರಗೆಟ್ಟಿತ್ತಂತೆ. ಎಲ್ಲರೂ ಅಂಗಳದಲ್ಲಿರುವಾಗ ಒಂದು ಮಾತಾಡಿ ಒಂದು ಹರಳು ಗಿಟ್ಟಿಸೋಣವೆಂದು ಅವಳು ಗುಂಡಿ ಒತ್ತಿದ್ದಳು. ಗುಂಡಯ್ಯ ಕಣ್ಣು ತೆರೆದ. ಆದರೆ ಅವನ ಕಿವಿಗೆ ಮೊದಲು ಬಿದ್ದದ್ದು ಕಾಳಮ್ಮನ ಮಾತಲ್ಲ, ನನ್ನ ಶಂಖ. ಉಗ್ರಾಣದ ಬಾಗಿಲನ್ನು ತಳ್ಳಿಕೊಂಡು ಅವನು ಅಂಗಳಕ್ಕೆ ಉರುಳಿ ಬಂದ. ಅಭ್ಯಾಸ ಮುಗಿದ ಮೇಲೆ ಚಿಕ್ಕತಾಯಿ ಮತ್ತೆ ಅವನ ಮುಂದಿಟ್ಟಿದ್ದ ಖಾಲಿ ಪಾವಿಗೆ ಕಾಳು ಉದುರುತ್ತಿತ್ತು. ಎದುರಿಗೆ ಒಬ್ಬ ಮನುಷ್ಯ ಒಂದು ಹೆಜ್ಜೆ ಇಟ್ಟು ನಿಂತ. ಮತ್ತೊಂದು ಹೆಜ್ಜೆ ಇಟ್ಟು ನಿಂತ.

ಎರಡು ಸಲ! ಪಾಪ, ಈತ ನಡೆಯಲು ಕಲಿಯುತ್ತಿದ್ದಾನೆ!

"ಗುರಿ ಮುಟ್ಟಿಲ್ಲ!"

ನವಿಲುಗರಿ ಗೌಡರ ಪಕ್ಕೆಯನ್ನು ಹಿಂದಿನಿಂದ ಹುಡುಕಿಕೊಂಡಿತು. ಗೌಡರು ಒಂದು ಮೊಳ ಎತ್ತರಕ್ಕೆ ನೆಗೆದು, "ಹೀ!" ಎಂದರು. ಅಂಥ ಸಣ್ಣ ದನಿ ಅಷ್ಟು ದೊಡ್ಡ ದೇಹದಿಂದ ಬಂದೀತೆಂದು ಯಾರೂ ಎಣಿಸಿರಲಿಲ್ಲ. ಅವರು ಓಡಿದರು. ಗುಂಡಯ್ಯ ಬೆನ್ನಟ್ಟಿದ. ಒಂದು ಸುತ್ತು ಮುಗಿಯಿತು!

"ಗುರಿ ಮುಟ್ಟಿತು! ಮುಂದಿನ ಗುರಿ!" ಕಲ್ಲುಸಕ್ಕರೆ ಅವರ ಪೇಟವನ್ನು ಹಾರಿಸಿಕೊಂಡು ಹೋಯಿತು.

ಒಂದು ಸುತ್ತಾದ ಮೇಲೆ ನಾನು ನಿಲ್ಲಿಸಬಹುದಾಗಿತ್ತು. ಆದರೆ ಯಂತ್ರ ಅಟ್ಟಿಸಿಕೊಂಡು ಬಂದದ್ದರಿಂದ ಸುತ್ತು ಬೇಗ ಮುಗಿಯಿತು ಎಂದು ನಾಳೆ ಯಾರೂ ಆಡಬಾರದು. ನನ್ನ ಗುರಿ ಗೌಡರ ಕಾಲಿನಲ್ಲಿರಲಿಲ್ಲ, ಪಾವಿನಲ್ಲಿತ್ತು. ನಾನು ಊದುತ್ತಲೇ ಇದ್ದೆ.

ಗೌಡರು ಎರಡನೆಯ ಸುತ್ತಿಗೆ ಹಿಹಿಹಿ ಎನ್ನುತ್ತ, ಮೂರನೆಯ ಸುತ್ತಿಗೆ ಹೊಟ್ಟೆ ಹಿಡಿದುಕೊಂಡು ಹಹಹಾ ಎನ್ನುತ್ತ ಓಡಿದರು. "ಬುಡ್ಸ್ರೋ! ಹಹ್ಹಾ! ಸಾಯ್ತೀನಿ! ಸೌದೆ ತರ್ಸ್ರೋ!" ಊರಿಗೆ ಊರೇ ನೆಲಕ್ಕೆ ಬಿದ್ದು ನಗುತ್ತಿತ್ತು. ನನಗೂ ನಗು ಉಕ್ಕಿ ಬಂದು ತುಟಿಯವರೆಗೆ ಮುಟ್ಟಿತು. ನಕ್ಕರೆ ಉಸಿರು ಒಡೆಯುತ್ತದೆ. ಒಡೆದರೆ ಎಲ್ಲವೂ ಹೋಯಿತು.

ಆಗ ನಾನು ಗುಂಡಯ್ಯನನ್ನು ನೋಡುವುದನ್ನು ಬಿಟ್ಟು ಅವನ ಕೆಳಗೆ ಉರುಳುತ್ತಿದ್ದ ಗಾಲಿಗಳನ್ನು ನೋಡಿದೆ. ಮೂರು ಮರದ ಗಾಲಿಗಳು. ಯಾವ ಕಾಲದಲ್ಲೋ ಇದೇ ಅಂಗಳದಲ್ಲಿ, ಅವುಗಳ ಹಿಂದೆ ಒಂದು ಮಗು ಬಿದ್ದು ಎದ್ದು ನಡೆಯಲು ಕಲಿತಿತ್ತು. ಆ ಮಗುವನ್ನು ನಾನು ಕಂಡವಳಲ್ಲ. ಅದು ಬೆಳೆದು ನನ್ನ ಕೈ ಹಿಡಿದ ಮೇಲೆ ಕಂಡವಳು. ನಗು ಇಳಿಯಿತು. ಉಸಿರು ಎಲ್ಲಿಂದಲೋ ಮತ್ತಷ್ಟು ಬಂದಿತು.

ಪಾವು ತಲೆಗೋಪುರ ಕಟ್ಟಿತು. ಒಂದು ಕಾಳು ಹೆಚ್ಚಾಗಿ ಗೋಪುರದಿಂದ ಜಾರಿ ನೆಲಕ್ಕೆ ಬಿತ್ತು. ನಾನು ಶಂಖವನ್ನು ಇಳಿಸಿದೆ.

"ಗೋವಿಂದಾ!" ಎಂದು ಚಿಕ್ಕತಾಯಿ ಒಬ್ಬಳೇ ಕೂಗಿದಳು. ಊರು ಗುಡುಗಿದಂತೆ ದನಿಗೂಡಿಸಿತು.

ಚಿಕ್ಕತಾಯಿ ಗುಂಡಿಗೆ ಕೈ ಹಾಕುವಷ್ಟರಲ್ಲಿ ಗೌಡರು ಮಂಟಪದ ಮೆಟ್ಟಿಲ ಮೇಲೆ ಕುಸಿದು ಕುಳಿತು, ಏದುಸಿರಿನಲ್ಲಿ ತಮ್ಮ ಕಡೆಯ ಬಾಣ ಬಿಟ್ಟರು. "ಊದುದ್ರು, ಒಪ್ದೆ. ಆದ್ರೆ ಎಂಗಸು ಊದಿದ್ದು ರಂಗಪ್ಪಂಗೆ ಒಪ್ಗೆ ಆಗ್ಬೇಕಲ್ಲ? ಬಲಗಡೆ ಊ ಕೊಡ್ಲಿ. ಕೊಟ್ರೆ ನನ್ ತಕರಾರಿಲ್ಲ."

ದೇವರನ್ನು ಹೂ ಕೇಳುವುದು ನಮ್ಮಲ್ಲಿ ಕಡೆಯ ನ್ಯಾಯ. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ನಾನು ಕೈ ಮುಗಿದು ನಿಂತೆ. ವಿಗ್ರಹದ ಮೇಲಿಂದ ಒಂದು ಸಣ್ಣ ಎಸಳು ನೇರವಾಗಿ ಕೆಳಕ್ಕೆ ಬಿತ್ತು. ಅದು ಲೆಕ್ಕಕ್ಕಿಲ್ಲ. ಇನ್ನೊಂದು ಎಸಳು ಬಿತ್ತು.

ಎರಡು ಸಲ!

"ಬ್ಯಾಡ ಕನೋ ಗುಂಡಯ್ಯ!" ಎಂದು ಚಿಕ್ಕತಾಯಿ ಚೀರಿದಳು. ತಡವಾಗಿತ್ತು.

"ಗುರಿ ಮುಟ್ಟಿಲ್ಲ!" ಎಂದು ಗುರಿಗುಂಡಯ್ಯ ಸಾಕ್ಷಾತ್ ರಂಗಸ್ವಾಮಿಗೇ ಗದರಿ, ನವಿಲುಗರಿಯನ್ನು ಚಾಚಿ ಭಗವಂತನ ಎಡಗಂಕುಳಿಗೆ ಕಚಗುಳಿ ಇಟ್ಟ. ಕಿರೀಟದ ಮೇಲಿದ್ದ ದೊಡ್ಡ ತಾವರೆ ಅಲ್ಲಾಡಿ, ಬಲಭುಜದ ಮೇಲೆ ಜಾರಿ, ತಿರುಮಲೇಗೌಡರ ತೊಡೆಯ ಮೇಲೆ ಬಂದು ಕುಳಿತಿತು.

ಗೌಡರು ತಾವರೆಯನ್ನು ನೋಡಿದರು, ದೇವರನ್ನು ನೋಡಿದರು, ನವಿಲುಗರಿಯನ್ನು ನೋಡಿದರು. ಅದರ ರುಚಿ ಕಂಡವರು ಅವರೇ. ಮತ್ತೆ ವಾದಿಸುವ ಧೈರ್ಯ ಬರಲಿಲ್ಲ. ಹೂವನ್ನು ಕಣ್ಣಿಗೆ ಒತ್ತಿಕೊಂಡು ಎದ್ದು ಬಂದು ನನ್ನ ಕೈಗಿಟ್ಟರು.

"ಶಂಖ ಇಲ್ಲೇ ಇರ್ಲಿ ಅತ್ಗೆಮ್ಮ," ಎಂದರು. ಆಮೇಲೆ ಮೆಲ್ಲಗೆ, "ನಾನ್ ಓಗುವಾಗ್ಲೂ ನೀವೇ ಊದಿ. ಒಸಿ ನಿಧಾನ್ವಾಗಿ, ಅವಸ್ರ ಇಲ್ಲ," ಎಂದರು.

ಹೂ ಕೊಟ್ಟದ್ದು ರಂಗಸ್ವಾಮಿಯೋ ನವಿಲುಗರಿಯೋ ಎಂದು ಊರಿನಲ್ಲಿ ಈಗಲೂ ಚರ್ಚೆ ಇದೆ. ನಾನು ಆ ಚರ್ಚೆಗೆ ಹೋಗುವುದಿಲ್ಲ. ನವಿಲುಗರಿಯೂ ಅವನದೇ. ಆ ಒಂದು ಪಾವು ಅವರೆಕಾಳು ಯಜಮಾನರ ಪಟದ ಮುಂದಿದೆ, ಜಾರಿ ಬಿದ್ದ ಹೆಚ್ಚಿನ ಕಾಳು ಪಕ್ಕದಲ್ಲಿದೆ. ಚಿಕ್ಕತಾಯಿಯ ಕೈಚಳಕವನ್ನು ನೋಡಲು ಮಳವಳ್ಳಿಯಿಂದಲೂ ಜನ ಬರುತ್ತಾರೆ. ಬಂದವರಿಗೆಲ್ಲ ನಾನು ಹೇಳುವುದು ಒಂದೇ: ಇವಳು ನನ್ನ ನಾದಿನಿ. ಹೇಳಿ, ತೊಲೆಯ ಮೇಲಿನ ಮುದ್ದೆಯನ್ನೂ ತೋರಿಸುತ್ತೇನೆ.

ಅಂದು ತಾವರೆ ಬಿದ್ದ ಕೂಡಲೇ ಗುಂಡಯ್ಯ "ಗುರಿ ಮುಟ್ಟಿತು!" ಎಂದು ಒಂದು ಹರಳು ಕಲ್ಲುಸಕ್ಕರೆಯನ್ನು ರಂಗಸ್ವಾಮಿಯ ಪಾದಕ್ಕೆ ಸಿಡಿಸಿ, ಕಣ್ಣರಳಿಸಿ, "ಮುಂದಿನ ಗುರಿ..." ಎಂದು ಶುರು ಮಾಡಿದ. ಅಷ್ಟರಲ್ಲಿ ಬ್ಯಾಟರಿ ಮುಗಿಯಿತು. ದೇವರು ದೊಡ್ಡವನು.